ಮದಗುಣಿಕೆಯ ವಿಷ ಕಾಕಾನ ಪ್ರಾಣ ಉಳಿಸಿದ್ದು ಹೇಗೆ?

ನಮಸ್ಕಾರ. ಹಾವೇರಿ ಜಿಲ್ಲೆಯ ವೀಕ್ಷಕರೊಬ್ಬರು ಹೀಗೆ ಕೇಳಿದ್ದಾರೆ: "ಸರ್, ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷವೇರಿದ ನಮ್ಮ ಕಾಕಾನಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಟ್ಟರು. ಅದು ಮದಗುಣಿಕೆಯಲ್ಲೂ ಇರುತ್ತದಂತೆ. ವಿಷದ ಗಿಡದಲ್ಲಿರುವುದು ಪ್ರಾಣ ಉಳಿಸಿದ್ದು ಹೇಗೆ?"

ಹುಳುಗಳಿಂದ, ದನಗಳಿಂದ ಕಾಪಾಡಿಕೊಳ್ಳಲು ಗಿಡಗಳು ತಯಾರಿಸುವ, ಸಾರಜನಕವುಳ್ಳ ಕಹಿ ವಸ್ತುಗಳೇ ಆಲ್ಕಲಾಯ್ಡ್‌ಗಳು. ಅಟ್ರೋಪಿನ್ ಅವುಗಳಲ್ಲೊಂದು, ಸದ್ಯಕ್ಕೆ ಇಷ್ಟು ಸಾಕು.

ಈಗ ಹಾವೇರಿ ಬಸ್ ನಿಲ್ದಾಣವನ್ನು ನೆನೆಯಿರಿ. ನರಗಳು ಕಳಿಸುವ ಅಸಿಟೈಲ್‌ಕೋಲಿನ್ ಎಂಬ ಪ್ರಯಾಣಿಕ ರಿಸೆಪ್ಟರ್ ಎಂಬ ಸೀಟಿನಲ್ಲಿ ಕೂತರೆ ಜೊಲ್ಲು, ಬೆವರು ಸುರಿಯುತ್ತವೆ, ಎದೆಬಡಿತ ನಿಧಾನವಾಗುತ್ತದೆ. ಕೆಲಸ ಮುಗಿದೊಡನೆ ಕಿಣ್ವವೊಂದು ಕಂಡಕ್ಟರನಂತೆ ಅವನನ್ನು ಇಳಿಸುತ್ತದೆ. ಆರ್ಗನೊಫಾಸ್ಫೇಟ್ ಕೀಟನಾಶಕವು ಆ ಕಂಡಕ್ಟರನ ಕೈ ಕಟ್ಟಿಹಾಕುತ್ತದೆ. ಯಾರೂ ಇಳಿಯುವುದಿಲ್ಲ, ಹತ್ತುವವರು ನಿಲ್ಲುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬತೊಡಗುತ್ತದೆ. ಆಗ ಅಟ್ರೋಪಿನ್ ಬಂದು, ನಾವು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂತೆ, ಆ ಸೀಟನ್ನು ಹಿಡಿದುಬಿಡುತ್ತದೆ. ಟವೆಲ್ ಸೀಟು ಹಿಡಿಯುತ್ತದೆಯೇ ಹೊರತು ಪ್ರಯಾಣ ಮಾಡುವುದಿಲ್ಲ. ಹಾಗೆಯೇ ಅಟ್ರೋಪಿನ್ ಕೂತ ಕಡೆ ಸಂದೇಶ ಮುಂದೆ ಸಾಗುವುದಿಲ್ಲ. ನೂಕುನುಗ್ಗಲು ಹೆಚ್ಚಿದಷ್ಟೂ ಟವೆಲ್‌ಗಳೂ ಹೆಚ್ಚು ಬೇಕು. ಆದ್ದರಿಂದಲೇ 0.6 ಮಿಲಿಗ್ರಾಂನ ಒಂದೆರಡು ಆಂಪೂಲ್ ಸಾಲದೆ, ವೈದ್ಯರು ಐದೈದು ನಿಮಿಷಕ್ಕೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತ, ಎದೆಯೊಳಗಿನ ಗೊರಗೊರ ಸದ್ದು ಅಡಗುವವರೆಗೂ ಸ್ಟೆತಸ್ಕೋಪ್ ಇಟ್ಟು ಆಲಿಸುತ್ತಾರೆ.

ಆರೋಗ್ಯವಂತರು ಮದಗುಣಿಕೆಯ ಬೀಜ ತಿಂದರೆ ಇದೇ ಟವೆಲ್‌ಗಳು ಬೇಕಾದ ಪ್ರಯಾಣಿಕರನ್ನೂ ತಡೆಯುತ್ತವೆ. ಬಾಯಿ ಒಣಗುತ್ತದೆ, ಎದೆ ಡವಗುಟ್ಟುತ್ತದೆ, ಬುದ್ಧಿ ಭ್ರಮಿಸುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ರಸಾಯನಶಾಸ್ತ್ರಜ್ಞರು ಮುಂದೆ ಮಾಡಿದ ಕೆಲಸ. ಅಟ್ರೋಪಿನ್‌ನ ಸಾರಜನಕಕ್ಕೆ ಚಿಕ್ಕದೊಂದು ಕವಲು ಜೋಡಿಸಿದಾಗ ಆ ಅಣುವಿಗೆ ಶಾಶ್ವತ ವಿದ್ಯುದಾವೇಶ ಬಂದು ಇಪ್ರಟ್ರೋಪಿಯಂ ಸಿದ್ಧವಾಯಿತು. ಇನ್‌ಹೇಲರ್‌ನಿಂದ ಸೇದಿದರೆ ಅದು ಬಹುಮಟ್ಟಿಗೆ ಶ್ವಾಸನಾಳದಲ್ಲೇ ಉಳಿದು ಉಬ್ಬಸವನ್ನು ಸಡಿಲಿಸುತ್ತದೆ, ಮಿದುಳನ್ನು ಅಷ್ಟಾಗಿ ತಲುಪುವುದಿಲ್ಲ. ಮದಗುಣಿಕೆಯ ಇನ್ನೊಂದು ಆಲ್ಕಲಾಯ್ಡ್ ಆದ ಹಯೋಸಿನ್‌ಗೂ ಇದೇ ಉಪಾಯ ಮಾಡಿ ಹೊಟ್ಟೆನುಲಿತದ ಮಾತ್ರೆ ತಯಾರಿಸಿದ್ದಾರೆ. ನಮ್ಮ ಅಂಗಳದ ಕಾಶಿಕಣಗಿಲೆಯಿಂದ ಬಂದ, 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಇಂದಿಗೂ ಮಕ್ಕಳ ರಕ್ತಕ್ಯಾನ್ಸರ್‌ಗೆ ಬಳಕೆಯಲ್ಲಿರುವ ವಿನ್‌ಕ್ರಿಸ್ಟಿನ್ ಬಗ್ಗೆ ಪ್ರತ್ಯೇಕ ವಿಡಿಯೋವೇ ಬೇಕು.

ಗಿಡದಿಂದ ಗಿಡಕ್ಕೆ ಆಲ್ಕಲಾಯ್ಡ್ ಪ್ರಮಾಣ ಬದಲಾಗುವುದರಿಂದ, ವಿಷವೇರಿದವರಿಗೆ ಮದಗುಣಿಕೆಯನ್ನು ಮನೆಮದ್ದಾಗಿ ಕೊಡಲೇಬೇಡಿ. ಬಟ್ಟೆ ಬದಲಿಸಿ, ಮೈ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲ ಕೀಟನಾಶಕಕ್ಕೂ ಅಟ್ರೋಪಿನ್ ಮದ್ದಲ್ಲ. ಹೊಡೆದ ಎಣ್ಣೆ ಯಾವುದೆಂದು ವೈದ್ಯರಿಗೆ ತಿಳಿಯಲು ಲೇಬಲ್ ಇರುವ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.