ಇತಿಹಾಸ ಓದುವ ಮಗಳೂ ಡಾಕ್ಟರ್ ಆಗಬಹುದು

ಎಲ್ಲರಿಗೂ ನಮಸ್ಕಾರ. ಕನ್ನಡ ಕೂಟದ ಈ ಸಭೆಯಲ್ಲಿ ಮಕ್ಕಳನ್ನು ಈ ವರ್ಷವೋ ಮುಂದಿನ ವರ್ಷವೋ ಕಾಲೇಜಿಗೆ ಕಳಿಸಲಿರುವ ಅಪ್ಪ ಅಮ್ಮಂದಿರೇ ಹೆಚ್ಚಾಗಿ ಕಾಣುತ್ತಿದ್ದೀರಿ. ಊಟಕ್ಕೆ ಮೊದಲು ನನಗೆ ಸಿಕ್ಕಿರುವುದು ಸ್ವಲ್ಪ ಹೊತ್ತು. ಹಾಗಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಡಾಕ್ಟರ್ ಆಗಬೇಕೆನ್ನುವ ಮಗಳು ಇತಿಹಾಸವನ್ನು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಮಾಡಿಕೊಳ್ಳುತ್ತೇನೆ ಎಂದರೆ ದಯವಿಟ್ಟು ತಡೆಯಬೇಡಿ.

ನಮ್ಮ ಭಯದ ಮೂಲ ಊರಿನಲ್ಲಿದೆ. ಪಿಯುಸಿಯಲ್ಲಿ ಕಲಾ ವಿಭಾಗಕ್ಕೆ ಹೋದವರಿಗೆ ಎಂಬಿಬಿಎಸ್ ಬಾಗಿಲು ಅಂದೇ ಮುಚ್ಚುತ್ತಿತ್ತು. ಪಿಸಿಎಂಬಿ ತಪ್ಪಿದರೆ ಬದುಕೇ ತಪ್ಪಿತು ಎಂದು ಬೆಳೆದವರು ನಾವು. ಇಲ್ಲಿ ಮೆಡಿಕಲ್ ಸ್ಕೂಲಿಗೆ ಹೋಗುವುದು ನಾಲ್ಕು ವರ್ಷದ ಪದವಿಯ ನಂತರ. ಪ್ರೀ-ಮೆಡ್ ಎಂಬುದು ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಹೆಸರೇ ಅಲ್ಲ, ಮೆಡಿಕಲ್ ಸ್ಕೂಲಿಗೆ ಬೇಕಾದ ಕೋರ್ಸುಗಳ ಒಂದು ಪಟ್ಟಿ: ಜೀವಶಾಸ್ತ್ರ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ, ಸಾಮಾನ್ಯವಾಗಿ ಒಂದೊಂದು ವರ್ಷ, ಲ್ಯಾಬ್ ಸಮೇತ. ಅದರ ಮೇಲೆ ಬಯೋಕೆಮಿಸ್ಟ್ರಿ, ಸಂಖ್ಯಾಶಾಸ್ತ್ರ, ಇಂಗ್ಲಿಷ್. ಇಷ್ಟನ್ನು ಚೆನ್ನಾಗಿ ಮುಗಿಸುವವರು ಉಳಿದ ಹೊತ್ತಿನಲ್ಲಿ ಇಷ್ಟಪಟ್ಟದ್ದನ್ನು ಓದಲಿ. ಮಕ್ಕಳು ಪ್ರೀತಿಸಿದ ವಿಷಯವನ್ನೇ ಚೆನ್ನಾಗಿ ಓದುತ್ತಾರೆ.

ಅಮೆರಿಕದ ವೈದ್ಯವಿಜ್ಞಾನಿ ಹೆರಾಲ್ಡ್ ವಾರ್ಮಸ್ ಅವರ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳಿದವರು ಮತ್ತೊಮ್ಮೆ ಕೇಳಿ. ಅಪ್ಪ ವೈದ್ಯರು, ಮಗನೂ ವೈದ್ಯನಾಗಲೆಂಬ ಆಸೆ. ಇಲ್ಲಿಯವರೆಗೆ ಇದು ನಿಮ್ಮಲ್ಲಿ ಹಲವರ ಮನೆಯ ಕಥೆಯೇ. ಮಗ ಆಮ್ಹರ್ಸ್ಟ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಮನಸೋತ. ಡಿಕನ್ಸ್‌ನ ಮೇಲೆ ಪ್ರಬಂಧ ಬರೆದ, ಕಾಲೇಜು ಪತ್ರಿಕೆಯ ಸಂಪಾದಕನಾದ. 1961ರಲ್ಲಿ ಪದವಿ ಮುಗಿಸಿ, ಸಾಹಿತ್ಯದಲ್ಲೇ ಮುಂದೆ ಓದಲು ಹಾರ್ವರ್ಡ್ ಸೇರಿದ. ಹಾರ್ವರ್ಡ್‌ನದೇ ಮೆಡಿಕಲ್ ಸ್ಕೂಲಿನಲ್ಲಿ ಅವನ ಹಳೆಯ ಗೆಳೆಯರಿದ್ದರು. ಅವರಿಗೆ ತಮ್ಮ ಓದಿನಲ್ಲಿದ್ದ ಉತ್ಸಾಹ ಕಂಡು ಇವನಿಗೂ ವೈದ್ಯಕೀಯದ ಸೆಳೆತ ಮರಳಿತು. ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಅವನನ್ನು ಎರಡು ಸಲ ತಿರಸ್ಕರಿಸಿತು. ಎರಡು ಸಲ! ಕೊಲಂಬಿಯಾ ಸೇರಿಸಿಕೊಂಡಿತು. 1966ರಲ್ಲಿ ಎಂಡಿ, ಅಂದರೆ ಇಲ್ಲಿನ ವೈದ್ಯ ಪದವಿ. ಮುಂದೆ ಮೈಕೆಲ್ ಬಿಷಪ್ ಜೊತೆ ಮಾಡಿದ ಸಂಶೋಧನೆ, ವೈರಸ್ಸಿನೊಳಗಿನ ಕ್ಯಾನ್ಸರ್ ಜೀನಿನ ಮೂಲ ನಮ್ಮ ಆರೋಗ್ಯವಂತ ಜೀವಕೋಶದಲ್ಲೇ ಇದೆ ಎಂದು ತೋರಿಸಿತು. 1989ರಲ್ಲಿ ನೊಬೆಲ್. 1993ರಿಂದ 1999ರವರೆಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕ. ಡಿಕನ್ಸ್ ಓದಿದ್ದರಿಂದ ನೊಬೆಲ್ ಬಂತೆಂದು ನಾನು ಹೇಳುತ್ತಿಲ್ಲ. ಡಿಕನ್ಸ್ ಓದಿದ್ದು ಅಡ್ಡಿಯಾಗಲಿಲ್ಲ, ಅಷ್ಟೇ.

ಅದು ಹಳೆಯ ಕಾಲ, ಇಂದಿನ ಪೈಪೋಟಿ ಬೇರೆ ಎನ್ನುತ್ತೀರಿ. ಸರಿ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಮೆಡಿಕಲ್ ಸ್ಕೂಲ್ 1987ರಲ್ಲೇ ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ದಾರಿ ತೆರೆಯಿತು. ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆಯಿಲ್ಲದೆ, ಪದವಿಯ ಮಧ್ಯದಲ್ಲೇ ಸೀಟು. ಹಾಗೆ ಬಂದವರ ಸಾಧನೆ ಸಹಪಾಠಿಗಳಿಗೆ ಸರಿಸಮನಾಗಿತ್ತೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇನ್ನು ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದು ಪೂರ್ತಿ ಓದಿನದು. ಸಮಾಜ, ಕಲೆ, ತತ್ತ್ವಶಾಸ್ತ್ರದ ಗದ್ಯಭಾಗಗಳು, 90 ನಿಮಿಷ, 53 ಪ್ರಶ್ನೆ. ಇತಿಹಾಸದ ವಿದ್ಯಾರ್ಥಿನಿ ವರ್ಷಗಟ್ಟಲೆ ಮಾಡುವ ಕೆಲಸವೇ ಅದು.

ಈಗ ಕಷ್ಟದ ಮಾತು, ಮಕ್ಕಳು ಗಮನವಿಟ್ಟು ಕೇಳಬೇಕು. ಅರ್ಜಿಯಲ್ಲಿ ಜೀವಶಾಸ್ತ್ರ, ರಸಾಯನ, ಭೌತ, ಗಣಿತಗಳ ಜಿಪಿಎಯನ್ನು, ಅಂದರೆ ಗ್ರೇಡುಗಳ ಸರಾಸರಿಯನ್ನು, ಬೇರೆಯಾಗಿ ಲೆಕ್ಕ ಹಾಕುತ್ತಾರೆ. ವಿಜ್ಞಾನದ ಮೇಜರ್ ಇರುವವರಿಗೆ ಅಂಥ ಕೋರ್ಸುಗಳು ಹಲವು. ಒಂದು ಸಿ ಗ್ರೇಡು ಬಂದರೂ ಮುಂದಿನವು ಎತ್ತಿಹಿಡಿಯುತ್ತವೆ. ನಿಮಗೆ ಕೋರ್ಸು ಕಡಿಮೆ, ಆದ್ದರಿಂದ ಅದೇ ಸಿ ಹೆಚ್ಚು ಭಾರ. ದೊಡ್ಡ ಹೆಸರಿನ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ತರಗತಿಯಲ್ಲಿ ಕೂತವರೆಲ್ಲ ತಮ್ಮ ತಮ್ಮ ಶಾಲೆಗೆ ಮೊದಲಿಗರು. ಗ್ರೇಡು ಕೊಡುವುದು ಅವರ ನಡುವೆಯೇ. ಮೊದಲ ಸೆಮಿಸ್ಟರಿನಲ್ಲೇ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ಮೂರನ್ನೂ ಹೇರಿಕೊಳ್ಳಬೇಡಿ. ಜನರಲ್ ಆಗದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಆಗದೆ ಹೆಚ್ಚಿನ ಕಡೆ ಬಯೋಕೆಮಿಸ್ಟ್ರಿ ಇಲ್ಲ, ಎಂಕ್ಯಾಟ್ ಅದರ ನಂತರ. ಈ ಸರಪಳಿಯನ್ನು ಮೊದಲ ವರ್ಷವೇ ಕಾಗದದ ಮೇಲೆ ಬರೆದುಕೊಳ್ಳಿ. ಒಂದು ವರ್ಷ ಬಿಡುವು ತೆಗೆದುಕೊಂಡು ಅರ್ಜಿ ಹಾಕುವುದು ಇಲ್ಲಿ ಈಗ ಮಾಮೂಲು. ಹಾಗಾದರೆ ಅಪ್ಪ ಅಮ್ಮ ಗಾಬರಿಯಾಗಬೇಡಿ. ವಿಜ್ಞಾನದ ಈ ಭಾರವನ್ನು ಹೊರುವ ಹುಡುಗಿಗೆ ವಾರದಲ್ಲಿ ಒಂದು ಪ್ರೀತಿಯ ತರಗತಿಯಾದರೂ ಬೇಕು. ಮತ್ತೆ ಅದೇ ಹೇಳುತ್ತಿದ್ದೇನೆ: ಪ್ರೀತಿಸಿದ್ದನ್ನೇ ಚೆನ್ನಾಗಿ ಓದುತ್ತಾರೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಶಿಫಾರಸು ಪತ್ರಗಳ ವಿಷಯ, ಖರ್ಚಿನ ವಿಷಯ ಉಳಿಯಿತು, ಊಟದ ಹೊತ್ತಿಗೆ ಕೇಳಿ. ಎರಡೇ ಮಾತು. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಅಂಕಗಳನ್ನು ಕೆಲವು ಮೆಡಿಕಲ್ ಸ್ಕೂಲುಗಳು ಕಡ್ಡಾಯ ಕೋರ್ಸಿನ ಬದಲಿಗೆ ಒಪ್ಪುವುದಿಲ್ಲ. ಕೋರ್ಸು ಬಿಡುವ ಮೊದಲು ನೋಡಿಕೊಳ್ಳಿ. ಪದವಿ ಮುಗಿದ ಮೇಲೆ ವೈದ್ಯಕೀಯದ ಆಸೆ ಹುಟ್ಟಿದವರಿಗೆ ಬ್ರಿನ್ ಮಾರ್, ಗೌಚರ್‌ನಂಥ ಕಾಲೇಜುಗಳಲ್ಲಿ ಈ ವಿಜ್ಞಾನದ ಕೋರ್ಸುಗಳನ್ನಷ್ಟೇ ಓದುವ ಪೋಸ್ಟ್-ಬ್ಯಾಕ್ ವ್ಯವಸ್ಥೆ ಇದೆ.