ಯೀಸ್ಟಿನೊಳಗಿನ ಪೊರೆ: ಜೀನ್ ಹೇಳದೆ ಆಗದು

ಆಕಾಶವಾಣಿ ಮಂಗಳೂರಿನ ಕೇಳುಗರಿಗೆ ನಮಸ್ಕಾರ.

ಸನ್ನಾಸಿಗೆ ಕಳ್ಳು ಹಾಕಿ ಹಿಟ್ಟು ಉಬ್ಬಿಸುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಉಬ್ಬಿಸುವುದು ಕಳ್ಳಿನಲ್ಲಿರುವ ಯೀಸ್ಟ್. ಮಂಗಳೂರು ಬನ್ಸಿಗೆ ಅದು ಬೇಡ, ಆ ಮಾತು ಬೇರೆ. ಒಂದು ಯೀಸ್ಟ್ ಕೋಶ ಎಂದರೆ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಅಷ್ಟರೊಳಗೂ ಕೋಣೆ, ಓಣಿ, ಚೀಲ ಎಲ್ಲ ಇವೆ, ಎಲ್ಲದಕ್ಕೂ ಕೊಬ್ಬಿನ ತೆಳು ಪೊರೆಯೇ ಗೋಡೆ. ಈ ಪೊರೆ ತನ್ನಷ್ಟಕ್ಕೆ ಆಗುತ್ತದೆ ಎಂದು ತಿಳಿಯಬೇಡಿ ಮಾರಾಯ್ರೆ. ಜೀನ್, ಅಂದರೆ ಕೋಶದ ಕೆಲಸಕ್ಕೆ ಆದೇಶ ಬರೆದಿಟ್ಟ ಡಿಎನ್‌ಎ ತುಣುಕು, ಹೇಳಬೇಕು.

ಗೊತ್ತಾದದ್ದು ಹೇಗೆ? ಅಮೆರಿಕದ ಬರ್ಕ್ಲಿಯಲ್ಲಿ ರ‍್ಯಾಂಡಿ ಶೆಕ್‌ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೋವಿಕ್ ಜೀನ್ ಕೆಡಿಸಿ ನೋಡಲು ಹೊರಟರು. ಪೂರ್ತಿ ಕೆಡಿಸಿದರೆ ಯೀಸ್ಟ್ ಸಾಯುತ್ತದೆ, ಸತ್ತದ್ದರಲ್ಲಿ ನೋಡುವುದೇನು? ಹಾಗಾಗಿ ಅರೆಕೆಟ್ಟದ್ದನ್ನು ಹುಡುಕಿದರು. 25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯಬೇಕು, 37ಕ್ಕೆ, ಅಂದರೆ ನಮ್ಮ ಮೈಬಿಸಿಗೆ, ಏರಿಸಿದರೆ ಕೈಕೊಡಬೇಕು. 1979ರಲ್ಲಿ ಅಂಥದ್ದೊಂದರ ವರದಿ ಬಂತು. 37ಕ್ಕೆ ಏರಿಸಿದಾಗ ಯೀಸ್ಟ್ ಹೊರಗೆ ಕಳಿಸುವ ಸರಕು, ಸಕ್ಕರೆ ಒಡೆಯುವ ಇನ್ವರ್ಟೇಸ್ ಎಂಬ ಪ್ರೋಟೀನ್, ಹೊರಗೆ ಬರಲೇ ಇಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೋಶದ ತುಂಬ ಸರಕು ಹೊತ್ತ ಪುಟ್ಟ ಪೊರೆಚೀಲಗಳು, ದಕ್ಕೆಯಲ್ಲಿ ಮೀನು ಇಳಿಸಲು ಜಾಗ ಸಿಗದೆ ನಿಂತ ಬೋಟುಗಳ ಹಾಗೆ. ತಿರುಗಿ 25ಕ್ಕೆ ಇಳಿಸಿದರೆ ಸರಕು ಹೊರಗೆ! ಆ ಜೀನಿಗೆ ಸೆಕ್-1 ಎಂದು ಹೆಸರು.

ಇನ್ನಷ್ಟು ಹುಡುಕಲು ಅವರು ಮಾಡಿದ ಉಪಾಯ ನಮ್ಮ ರೈತರದ್ದೇ. ಸರಕು ಹೊರಗೆ ಕಳಿಸಲಾಗದ ಕೋಶ ಹಿಗ್ಗುವುದಿಲ್ಲ, ಆದರೆ ಒಳಗೆ ತುಂಬುತ್ತಲೇ ಇರುತ್ತದೆ, ಹಾಗಾಗಿ ಗಾತ್ರಕ್ಕೆ ಮೀರಿ ಭಾರ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಗಟ್ಟಿ ಕಾಳು ಹೆಕ್ಕುತ್ತೇವಲ್ಲ, ಹಾಗೆ ದಟ್ಟ ದ್ರವದಲ್ಲಿ ಗರಗರ ತಿರುಗಿಸಿ ತಳಕ್ಕೆ ಇಳಿದದ್ದನ್ನು ಹೆಕ್ಕಿದರು. 1980ರ ಹೊತ್ತಿಗೆ 23 ಜೀನ್ ಕೈಗೆ ಬಂದವು. ಸೆಕ್-1 ಕೆಟ್ಟರೆ ಚೀಲ ರಾಶಿ ಬೀಳುತ್ತದೆ, ಸೆಕ್-7 ಕೆಟ್ಟರೆ ಸರಕು ವಿಂಗಡಿಸಿ ಕಳಿಸುವ ಗಾಲ್ಜಿ ಎಂಬ ಕೋಣೆಯ ತಟ್ಟೆಗಳು ಪೇರುತ್ತವೆ. ಯಾವ ಜೀನ್ ಕೆಟ್ಟಿತೋ ಅದರ ಪೊರೆಯೇ ಎಡವಟ್ಟು. 2013ರ ನೊಬೆಲ್‌ನಲ್ಲಿ ಶೆಕ್‌ಮನ್‌ಗೂ ಪಾಲು ಬಂತು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ಪೊರೆ ಎಷ್ಟು ಬೇಕು ಎಂಬುದೂ ಜೀನಿನ ಮಾತೇ. ಪೊರೆಯ ಕೊಬ್ಬು ಮಾಡುವ ಜೀನುಗಳಿಗೆ ಓಪಿ-1 ಎಂಬ ಪ್ರೋಟೀನ್ ಬ್ರೇಕು. ಪೊರೆಯ ಕೊಬ್ಬಿಗೆ ಬೇಕಾದ ಇನಾಸಿಟಾಲ್ ಎಂಬ ವಸ್ತು ಸಿಕ್ಕಿದರೆ ಓಪಿ-1 ಪೊರೆ ಬಿಟ್ಟು ಜೀನುಗಳಿರುವ ನ್ಯೂಕ್ಲಿಯಸ್ಸಿಗೆ ಹೋಗಿ ಬ್ರೇಕ್ ಒತ್ತುತ್ತದೆ. ಓಪಿ-1 ಜೀನನ್ನೇ ತೆಗೆದುಹಾಕಿದರೆ ಒಳಪೊರೆ ಹರಡಿಕೊಳ್ಳುತ್ತದೆ. ಇನ್ನು ಕೊಲೆಸ್ಟೆರಾಲಿನಂಥ ಕೊಬ್ಬು ಮಾಡಿಸುವ ಎಚ್‌ಎಂಜಿ-1 ಎಂಬ ಜೀನನ್ನು ಅತಿಯಾಗಿ ದುಡಿಸಿದರೆ ನ್ಯೂಕ್ಲಿಯಸ್ಸಿನ ಸುತ್ತ ಪೊರೆ ಪದರದ ಮೇಲೆ ಪದರವಾಗಿ ಕೂರುತ್ತದೆ, ಪತ್ರೊಡೆಯಲ್ಲಿ ಕೆಸುವಿನ ಎಲೆ ಕೂತ ಹಾಗೆ. ಅದೇ ಕೊಬ್ಬು ಮಾಡಿಸುವ ಜೋಡಿ ಜೀನ್ ಎಚ್‌ಎಂಜಿ-2 ಅನ್ನು ದುಡಿಸಿ ನೋಡಿ, ಅಂಥ ಪತ್ರೊಡೆ ಆಗುವುದಿಲ್ಲ, ಬರುವುದು ತುಂಡು ತುಂಡು ಪಟ್ಟಿ ಮಾತ್ರ. ನಮಸ್ಕಾರ.