ಪಂಪ್ ಕೊಳ್ಳುವ ಮುಂಚೆ ಬ್ಯಾಗ್ ನೋಡಿ

ಕೇಳುಗರಿಗೆ ನಮಸ್ಕಾರ.

ಫೈಬರ್ ಗ್ಲಾಸ್ ವಸ್ತು ಮಾಡಲು ಅಚ್ಚಿನ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಹಾಸುತ್ತೀರಿ. ಮೇಲೆ ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ, ಸುತ್ತಲೂ ಅಂಟು ಟೇಪ್ ಒತ್ತಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ತೆಗೆಯುತ್ತೀರಿ. ರೆಸಿನ್, ಅಂದರೆ ಬಟ್ಟೆಯನ್ನು ನೆನೆಸಿ ಆಮೇಲೆ ಗಟ್ಟಿಯಾಗುವ ಅಂಟು ದ್ರವ, ಪೈಪಿನಿಂದ ಬ್ಯಾಗಿನೊಳಗೆ ಸರಸರ ಹರಿದು ಬರುತ್ತದೆ. ಅದನ್ನು ಪಂಪ್ ಎಳೀತು ಅಂದ್ಕೋತೀವಿ, ಅಲ್ವಾ? ತಳ್ಳುವುದು ಹೊರಗಿನ ಗಾಳಿ. ಸಮುದ್ರ ಮಟ್ಟದಲ್ಲಿ ಅದರ ಒತ್ತಡ ಸುಮಾರು 1013 ಮಿಲಿಬಾರ್, ಅಂದರೆ ಚದರ ಮೀಟರಿಗೆ 10 ಟನ್. ಎಷ್ಟೇ ದೊಡ್ಡ ಪಂಪ್ ತಂದರೂ ಇದಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಪಂಪ್ ಮೇಲೆ ಎರಡು ಅಂಕಿ ಇರುತ್ತವೆ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ ಅನ್ನುವುದು ಒಂದು, ಕೊನೆಗೆ ಎಷ್ಟು ಮಿಲಿಬಾರ್‌ಗೆ ಇಳಿಸುತ್ತದೆ ಅನ್ನುವುದು ಇನ್ನೊಂದು. ಎಲ್ಲರ ಕಣ್ಣು ಮೊದಲನೆಯದರ ಮೇಲೆ. ಆದರೆ ಸರಿಯಾಗಿ ಮುಚ್ಚಿದ ಬ್ಯಾಗ್ ಒಮ್ಮೆ ಖಾಲಿಯಾದರೆ ಲೀಟರ್‌ಗಳಿಗೆ ಕೆಲಸವೇ ಇಲ್ಲ.

ನಾನೂ ಮೋಸ ಹೋಗಿದ್ದೇನೆ. ಬ್ಯಾಗಿನಿಂದ ಎಷ್ಟು ಗಾಳಿ ಹೋಗಿದೆ ಎಂದು ತೋರಿಸುವ ಗೇಜಿನ ಮುಳ್ಳು ಮೇಲೇರಲಿಲ್ಲ. ಪಂಪ್ ಸಾಲದು ಅಂತ ದೊಡ್ಡದನ್ನು ಎರವಲು ತಂದೆ. ಮುಳ್ಳು ಏರಿತು, ಖುಷಿಯಾಯಿತು. ಮಾರನೇ ದಿನ ಬ್ಯಾಗ್ ಬಿಚ್ಚಿದರೆ ಒಂದು ಮೂಲೆಯಿಂದ ಬಿಳಿ ಗುಳ್ಳೆಗಳ ಸಾಲು. ಅಲ್ಲಿ ಬ್ಯಾಗಿನ ಮಡಿಕೆಯಲ್ಲಿ ಟೇಪ್ ಕೂದಲೆಳೆಯಷ್ಟು ಬಿಟ್ಟಿತ್ತು. ದೊಡ್ಡ ಪಂಪ್ ಸೋರಿಕೆಯನ್ನು ಮುಚ್ಚಿಟ್ಟಿತು, ಗಾಳಿ ರಾತ್ರಿಯೆಲ್ಲ ರೆಸಿನ್ ಒಳಗೇ ಹಾದು ಹೋಗಿತ್ತು.

ಈಗ ಗಾಳಿ ತೆಗೆದ ಮೇಲೆ ಪಂಪಿನ ಪೈಪ್ ಬಿಗಿದು ಮುಚ್ಚಿ, ಪಂಪ್ ನಿಲ್ಲಿಸಿ, ಹದಿನೈದು ನಿಮಿಷ ಸುಮ್ನೆ ಗೇಜ್ ನೋಡ್ತಾ ಕೂರುತ್ತೇನೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ರೆಸಿನ್ ಕಲಸುವುದೇ ಇಲ್ಲ. ಮಡಿಕೆಗಳ ಹತ್ತಿರ ಕಿವಿಯಿಟ್ಟರೆ ಸಣ್ಣಗೆ ಸುಯ್ ಅನ್ನುವುದು ಕೇಳುತ್ತದೆ.

ಹಾಗಾದರೆ ಯಾವ ಪಂಪ್? ರೆಸಿನ್ ಗಟ್ಟಿಯಾಗುವವರೆಗೂ, ಕೆಲವೊಮ್ಮೆ ಇಡೀ ರಾತ್ರಿ, ನಿಲ್ಲದೆ ಓಡುವಂಥದ್ದು. ಎಣ್ಣೆ ಹಾಕುವ ರೋಟರಿ ವೇನ್ ಪಂಪ್, ಅಂದರೆ ತಿರುಗುವ ರೆಕ್ಕೆಗಳಿಂದ ಗಾಳಿ ಎಳೆಯುವಂಥದ್ದು, ಇದಕ್ಕೆ ಒಗ್ಗುತ್ತದೆ. ಹಳೇ ಫ್ರಿಜ್ ಕಂಪ್ರೆಸರನ್ನೇ ಪಂಪ್ ಮಾಡಿಕೊಂಡರೆ ಅದು ಕಾದು ಎಣ್ಣೆ ಉಗುಳುತ್ತದೆ, ಕಲಿಯುವುದಕ್ಕೆ ಸಾಕು ಅಷ್ಟೇ. ಇನ್ನು ಪಾಲಿಯೆಸ್ಟರ್ ರೆಸಿನ್ ಬಳಸುವವರು ಬ್ಯಾಗಿನ ಒತ್ತಡ ತೀರಾ ಇಳಿಯದಂತೆ ನೋಡಿಕೊಳ್ಳಲು ಒಂದು ವಾಲ್ವ್ ಹಾಕಿಕೊಳ್ಳಿ. ಆ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವ 20 ಡಿಗ್ರಿ ಶಾಖದಲ್ಲಿ ಆರೇಳು ಮಿಲಿಬಾರ್‌ಗೆ ಇಳಿದರೆ ಕುದಿಯತೊಡಗುತ್ತದೆ. ಆಗ ಸೋರಿಕೆ ಇಲ್ಲದಿದ್ದರೂ ಗುಳ್ಳೆ ಬರುತ್ತದೆ.

ಬ್ಯಾಗಿಗೂ ಪಂಪಿಗೂ ನಡುವೆ ರೆಸಿನ್ ಹಿಡಿಯುವ ಡಬ್ಬಿ ಇರಲೇಬೇಕು. ಪಂಪಿನೊಳಗೆ ಒಂದು ಗುಟುಕು ರೆಸಿನ್ ಹೋಗಿ ಗಟ್ಟಿಯಾದರೆ ಮುಗೀತು. ಎಣ್ಣೆ ತೋರಿಸುವ ಗಾಜನ್ನೂ ಆಗಾಗ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಿಸಿಯಿರುವಾಗಲೇ ಬಸಿದು ಹೊಸದು ಹಾಕಿ.

ನಮಸ್ಕಾರ.